ಹಸಿ ಹೂವಿನ ಎಣ್ಣೆ

ನನ್ನ ಹೂವು ತಿಂದದ್ದು ಅವನ ಕೋಳಿ. ಅವನು ಇವತ್ತಿಗೂ ಒಪ್ಪುವುದಿಲ್ಲ. ತಿಂದಿಲ್ಲ, ರುಚಿ ನೋಡಿತು ಅಷ್ಟೆ ಅನ್ನುತ್ತಾನೆ. ಒಂದೇ ಸಲಕ್ಕೆ ಹನ್ನೊಂದು ಹೂವಿನ ರುಚಿ ನೋಡುವ ಕೋಳಿಯನ್ನು ನಾನಂತೂ ಇನ್ನೆಲ್ಲೂ ಕಂಡಿಲ್ಲ.

ಆ ಹೂವಿಗಾಗಿ ನಾನು ಎರಡೂವರೆ ತಿಂಗಳು ಕಾದಿದ್ದೆ. ಕ್ಯಾಲೆಂಡುಲಾ. ದೂರದಿಂದ ಚೆಂಡು ಹೂವಿನ ತಂಗಿಯ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಎಸಳೆಲ್ಲ ಬಿಡಿಬಿಡಿ, ಯಾರೋ ಕೂತು ಬಾಚಿದ ಹಾಗೆ. ಹಿತ್ತಿಲಿನ ಹನ್ನೆರಡು ಕುಂಡಗಳಲ್ಲಿ ಬೀಜ ಊರಿ ಬೆಳೆಸಿದ್ದೆ. ಈ ಹೂವನ್ನು ನೆರಳಲ್ಲಿ ಒಣಗಿಸಿ, ಗಾಜಿನ ಜಾರಿಗೆ ತುಂಬಿ, ಮುಳುಗುವಷ್ಟು ಸೂರ್ಯಕಾಂತಿ ಎಣ್ಣೆ ಹೊಯ್ದು, ಬೆಚ್ಚಗಿನ ಜಾಗದಲ್ಲಿ ವಾರಗಟ್ಟಲೆ ಇಡಬೇಕು. ದಿನಾ ಅಲ್ಲಾಡಿಸಬೇಕು. ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿದರೆ ಹೂವಿನ ಬಣ್ಣವೆಲ್ಲ ಎಣ್ಣೆಗೆ ಇಳಿದಿರುತ್ತದೆ. ಒರಟಾದ ಚರ್ಮಕ್ಕೆ ಹಿತ ಅನ್ನುತ್ತಾರೆ.

ನನಗೆ ಬೇಕಾಗಿದ್ದದ್ದು ದೊಡ್ಡಮ್ಮನ ಕೈಗೆ. ಮೂವತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು, ದಿನಕ್ಕೆ ಐವತ್ತು ಸಲ ಸೋಪು ಹಾಕಿ ಉಜ್ಜಿದ ಕೈ. ರಿಟೈರಾಗಿ ನಾಲ್ಕು ವರ್ಷವಾದರೂ ಗೆಣ್ಣುಗಳ ಬಿರುಕು ಹೋಗಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ನಾನು ಸ್ಕೂಲಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಸಿಸ್ಟೆಂಟ್. ಅಳತೆ, ತೂಕ, ಶಾಖ ಎಲ್ಲ ಸರಿಯಾಗಿ ನೋಡುವವಳು ಎಂದು ಹೆಸರು ಮಾಡಿದ್ದೆ. ಇದನ್ನು ಮರೆಯಬೇಡಿ, ಮುಂದೆ ನಾಚಿಕೆಪಡಲು ಬೇಕಾಗುತ್ತದೆ.

ಆ ಭಾನುವಾರ ಹತ್ತು ಗಂಟೆಗೆ, ಇಬ್ಬನಿ ಆರಿದ ಮೇಲೆ, ಬುಟ್ಟಿ ಹಿಡಿದು ಹಿತ್ತಿಲಿಗೆ ಹೋದೆ. ಕುಂಡದ ಅಂಚಿನಲ್ಲಿ ಒಂದು ಚುಕ್ಕೆ ಕೋಳಿ ನಿಂತಿತ್ತು. ಕೊಕ್ಕಿನಲ್ಲಿ ಕಿತ್ತಳೆ ಎಸಳು, ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಒಬ್ಬ ಮನುಷ್ಯ ಕೂತಿದ್ದ. ಒಂದು ಕಾಲು ನಮ್ಮ ಕಡೆ, ಒಂದು ಕಾಲು ಅವನ ಕಡೆ. ಜೇಬಿನಿಂದ ಥರ್ಮಾಮೀಟರ್ ಇಣುಕುತ್ತಿತ್ತು. ಇಳಿಯಲೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದ.

"ನಿಮ್ಮ ಕೋಳಿ ನನ್ನ ಎಣ್ಣೆ ತಿಂತಾ ಇದೆ," ಅಂದೆ.

ಅವನು ಕೋಳಿಯನ್ನು ನೋಡಿದ, ಕುಂಡವನ್ನು ನೋಡಿದ, ಎಣ್ಣೆ ಎಲ್ಲಿ ಎಂದು ಸುತ್ತ ಹುಡುಕಿದ. ಕೊನೆಗೆ ತುಂಬ ಗಂಭೀರವಾಗಿ, "ಸಾರಿ ರೀ. ಅದಕ್ಕೆ ಗೊತ್ತಿರಲಿಲ್ಲ," ಅಂದ.

ನಗು ತಡೆಯಲು ನಾನು ಬುಟ್ಟಿಯೊಳಗೆ ಏನನ್ನೋ ಹುಡುಕಿದೆ. ಬುಟ್ಟಿ ಖಾಲಿಯಿತ್ತು. ಗೋಡೆಯ ಮೇಲಿದ್ದವನಿಗೆ ಅದು ಚೆನ್ನಾಗಿಯೇ ಕಾಣುತ್ತಿತ್ತು.

ಹಿಂದಿನ ಮನೆಗೆ ತಿಂಗಳ ಹಿಂದೆ ಬಂದವನು. ಹಿತ್ತಿಲ ಶೆಡ್ಡಿನಲ್ಲಿ ಮೆಷಿನ್ ಇಟ್ಟುಕೊಂಡು ಮೊಟ್ಟೆ ಮರಿ ಮಾಡಿಸುವುದು, ಮರಿಗಳನ್ನು ಸಾಕುವವರಿಗೆ ಕೊಡುವುದು ಅವನ ಕಸುಬು. ನಾಲ್ಕು ದಿನ ಬಿಟ್ಟು ಒಂದು ಬಟ್ಟಲಲ್ಲಿ ಆರು ಮೊಟ್ಟೆ ತಂದ. ದಂಡವಾ ಎಂದು ಕೇಳಿದೆ. ಅಲ್ಲ, ಒಡೆದು ನೋಡಿ ಅಂದ. ಒಡೆದರೆ ಹಳದಿ ಹಳದಿಯಾಗಿರಲಿಲ್ಲ, ಸಂಜೆಯ ಸೂರ್ಯನ ಬಣ್ಣ. ನನ್ನ ಹೂವು ಎಲ್ಲಿ ಹೋಯಿತು ಎಂದು ಲೆಕ್ಕ ಕೊಡಲು ಬಂದಿದ್ದನಂತೆ.

ದೊಡ್ಡಮ್ಮ ಅವನಿಗೆ ಚಹಾ ಕೊಟ್ಟರು. ಅವನು ಲೋಟ ಮುಟ್ಟಿ, ಇದು ಅರವತ್ತು ಡಿಗ್ರಿ ಇರಬೇಕು, ಎರಡು ನಿಮಿಷ ಬಿಟ್ಟು ಕುಡಿಯುತ್ತೇನೆ ಅಂದ. ಅವನು ಹೋದ ಮೇಲೆ ದೊಡ್ಡಮ್ಮ ಬಾಗಿಲು ಹಾಕುತ್ತಾ, "ಆ ಥರ್ಮಾಮೀಟರ್ ಮತ್ತೆ ಯಾವಾಗ ಬರ್ತಾನಂತೆ?" ಅಂದರು. ಅವತ್ತಿನಿಂದ ಅದೇ ಹೆಸರು ನಿಂತಿತು. ನನಗೇನು ಗೊತ್ತು ಅಂದೆ. "ನಿನಗೆ ಗೊತ್ತಿಲ್ಲದೆ ಇದ್ರೆ ಕಿವಿ ಯಾಕೆ ಕೆಂಪಾಗಿದೆ," ಅಂದರು. ಮೂವತ್ತೆರಡು ವರ್ಷ ಹೆಂಗಸರ ಮುಖ ನೋಡಿ ನೋವು ಶುರುವಾಯಿತೋ ಇಲ್ಲವೋ ಹೇಳಿದವರು, ಅವರ ಹತ್ತಿರ ಮುಚ್ಚಿಡುವುದು ಕಷ್ಟ.

ಆಮೇಲೆ ಗೋಡೆ ಇದ್ದದ್ದು ಒರಗಿ ನಿಲ್ಲಲು. ನಾನು ಈ ಕಡೆ, ಅವನು ಆ ಕಡೆ. ಅವನಿಗೆ ಎಣ್ಣೆಯ ಬಗ್ಗೆ ಎಲ್ಲ ಬೇಕಿತ್ತು. ಹೂವು ಯಾವ ಹೊತ್ತಿಗೆ ಕೀಳಬೇಕು, ಯಾಕೆ ಒಣಗಿಸಬೇಕು. ನಾನು ಹತ್ತು ನಿಮಿಷ ಪಾಠ ಮಾಡಿದೆ: ಎಸಳು ಮೂರು ದಿನಕ್ಕೆ ಕಾಗದದ ಹಾಗೆ ಆಗಿಬಿಡುತ್ತದೆ, ಅದನ್ನು ನಂಬಬಾರದು. ನೀರು ಅಡಗಿರುವುದು ಹೂವಿನ ಬುಡದ ಹಸಿರು ತೊಟ್ಟಿನಲ್ಲಿ. ಅದು ಬಿಸ್ಕತ್ತಿನ ಹಾಗೆ ಟಪ್ ಎಂದು ಮುರಿಯಬೇಕು. ಬಾಗಿದರೆ ಒಳಗೆ ನೀರಿದೆ ಎಂದು ಅರ್ಥ, ನೀರಿದ್ದರೆ ಎಣ್ಣೆ ಹುಳಿಯಾಗಿ ಕೆಡುತ್ತದೆ. ಅವನು ಬಾಯಿ ತೆರೆದು ಕೇಳಿದ. ಯಾವ ಪಾಠವನ್ನೂ ಯಾವ ವಿದ್ಯಾರ್ಥಿಯೂ ಹಾಗೆ ಕೇಳಿದ್ದಿಲ್ಲ.

ಅವನು ತನ್ನದನ್ನೂ ಹೇಳಿಕೊಂಡ. ಚುಕ್ಕೆ ಕೋಳಿಗಳು ಅವನ ತಾಯಿ ಸಾಕಿ ಉಳಿಸಿಕೊಂಡು ಬಂದ ತಳಿ. ತಾಯಿ ತೀರಿಕೊಂಡು ಎರಡು ವರ್ಷ. ಇದ್ದದ್ದು ಏಳು ಹೇಂಟೆ, ಒಂದು ಹುಂಜ. ಹೂವಿನ ಎರಡನೇ ಕೊಯ್ಲಿಗೆ ಮುಂಚೆಯೇ ಆ ಹುಂಜ ಸತ್ತುಹೋಯಿತು. ವಯಸ್ಸಾಗಿತ್ತು ಅಷ್ಟೆ. ಅದಾದ ವಾರದಲ್ಲಿ ಏಳು ಕೋಳಿ ಇಟ್ಟ ನಲವತ್ತೆಂಟು ಮೊಟ್ಟೆಗಳನ್ನು ಅವನು ಬಟ್ಟೆ ಹಾಸಿ ಎತ್ತಿಟ್ಟಿದ್ದ. ಹುಂಜ ಸತ್ತ ಮೇಲೂ ಒಂದು ವಾರ ಇಡುವ ಮೊಟ್ಟೆಯಲ್ಲಿ ಮರಿಯಾಗುವ ಜೀವ ಇರುತ್ತದಂತೆ, ಇನ್ನು ಮುಂದೆ ಇಡುವುದರಲ್ಲಿ ಇರುವುದಿಲ್ಲ. ಇವು ಒಡೆದರೆ ತಳಿ ಉಳಿಯಿತು, ಇಲ್ಲದಿದ್ದರೆ ಅಮ್ಮನ ಕೋಳಿ ಇಲ್ಲಿಗೆ ಮುಗಿಯಿತು ಅಂದ. ಹೇಳುವಾಗ ಡಿಗ್ರಿ ಗಿಗ್ರಿ ಏನೂ ಇರಲಿಲ್ಲ.

ಆ ವಾರವೇ ಮೋಡ ಕವಿಯಿತು. ನನ್ನ ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲಿನ ಹೆಸರಿಲ್ಲ. ಎಣ್ಣೆ ಇಡಲು ಬೆಚ್ಚಗಿನ ಜಾಗವೇ ಇಲ್ಲವಲ್ಲ ಎಂದು ಗೊಣಗಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ.

"ನನ್ನ ಮೆಷಿನ್ ಇದೆಯಲ್ಲ. ಮೂವತ್ತೇಳೂವರೆ ಡಿಗ್ರಿ, ಹಗಲೂ ರಾತ್ರಿ. ಮೇಲಿನ ತಟ್ಟೆ ಖಾಲಿ ಇದೆ."

ಒಂದೇ ಕಟ್ಟಳೆ. ಭಾನುವಾರ ಮೊಟ್ಟೆ ಒಳಗಿಟ್ಟು ಶುರು ಮಾಡುತ್ತಾನೆ, ಅದಕ್ಕಿಂತ ತಡ ಮಾಡಿದರೆ ಮೊಟ್ಟೆ ಕೆಡುತ್ತದೆ. ಒಮ್ಮೆ ಶುರುವಾದರೆ ತಣ್ಣಗಿನದು ಏನನ್ನೂ ಹೊಸದಾಗಿ ಒಳಗಿಡುವ ಹಾಗಿಲ್ಲ. ಜಾರ್ ಇಡುವುದಾದರೆ ಭಾನುವಾರವೇ. ಇಪ್ಪತ್ತೊಂದು ದಿನ ಇರುತ್ತದೆ. ದಿನಾ ಬೆಳಿಗ್ಗೆ ಸಂಜೆ ಮೊಟ್ಟೆ ತಿರುಗಿಸಲು ಹೇಗೂ ಬಾಗಿಲು ತೆರೆಯುತ್ತಾನೆ, ಆಗ ಬಂದು ಅಲ್ಲಾಡಿಸಬಹುದು.

ದಿನಕ್ಕೆ ಎರಡು ಸಲ. ಇಪ್ಪತ್ತೊಂದು ದಿನ. ನಾನು ಮನಸ್ಸಿನಲ್ಲೇ ಗುಣಿಸಿದೆ. ಅಷ್ಟು ಸಿಹಿಯಾದ ಗುಣಾಕಾರವನ್ನು ಸ್ಕೂಲಿನಲ್ಲಿ ಯಾರೂ ಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಣಗಲು ಹಾಕಿದ ಹೂವಿನ ಮುಂದೆ ನಿಂತೆ. ಆರು ದಿನವಾಗಿತ್ತು, ಆರೂ ದಿನ ಮೋಡ. ಎಸಳು ಸರಸರ ಅನ್ನುತ್ತಿತ್ತು. ಒಂದು ತೊಟ್ಟನ್ನು ಎತ್ತಿ ಮುರಿದೆ. ಅದು ಮುರಿಯಲಿಲ್ಲ. ಬಾಗಿತು. ಇನ್ನೊಂದು ಎತ್ತಿದೆ. ಅದೂ ಬಾಗಿತು. ಮೂರನೆಯದನ್ನು ನಾನು ಎತ್ತಲಿಲ್ಲ. ಜಾರಿಗೆ ಕಂಠದ ತನಕ ಹೂವು ತುಂಬಿ, ಅಂಚಿನವರೆಗೆ ಎಣ್ಣೆ ಹೊಯ್ದು, ಕ್ಲಿಪ್ಪಿನ ಮುಚ್ಚಳ ಒತ್ತಿ, ತಲೆ ಬಾಚಿಕೊಂಡು ಹೊರಟೆ. ದೊಡ್ಡಮ್ಮ ಜಗುಲಿಯಿಂದ ನನ್ನ ತಲೆ ನೋಡಿದರು, ಜಾರನ್ನು ನೋಡಲಿಲ್ಲ.

ಆ ಶೆಡ್ಡನ್ನು ಏನೆಂದು ವರ್ಣಿಸಲಿ. ಒಂದು ಸಣ್ಣ ಕಿಟಕಿ, ಹುಲ್ಲಿನ ವಾಸನೆ, ಗೋಡೆಗೆ ಒರಗಿದ ಮರದ ದೊಡ್ಡ ಪೆಟ್ಟಿಗೆ, ಅದಕ್ಕೆ ಗಾಜಿನ ಬಾಗಿಲು, ಒಳಗೆ ಮಂಕಾದ ಬೆಳಕು. ಮೊಟ್ಟೆಗಳಿಗೆಲ್ಲ ಅವನು ಪೆನ್ಸಿಲಿನಲ್ಲಿ ಒಂದು ಕಡೆ ಗುಣಿಸು ಚಿಹ್ನೆ, ಇನ್ನೊಂದು ಕಡೆ ಸೊನ್ನೆ ಬರೆದಿದ್ದ. ಬೆಳಿಗ್ಗೆ ಸೊನ್ನೆ ಮೇಲೆ, ಸಂಜೆ ಗುಣಿಸು ಮೇಲೆ. ಯಾವುದನ್ನು ತಿರುಗಿಸಿದೆವು, ಯಾವುದನ್ನು ಬಿಟ್ಟೆವು ಎಂದು ಗೊಂದಲವಾಗಬಾರದಲ್ಲ.

ಎರಡನೇ ದಿನವೇ ನಾನು ತಿರುಗಿಸಲು ಕಲಿತೆ. ಎಡಗಡೆಯ ಸಾಲು ನನ್ನದು, ಬಲಗಡೆಯದು ಅವನದು. ನಡುವಿನ ಸಾಲು ಯಾರದೆಂದು ಗೊತ್ತುಮಾಡಿರಲಿಲ್ಲ, ಅಲ್ಲಿ ಬೆರಳು ಬೆರಳಿಗೆ ತಾಗುತ್ತಿತ್ತು. ಇಬ್ಬರೂ ಸಾರಿ ಅನ್ನುತ್ತಿದ್ದೆವು. ನಾಲ್ಕನೇ ದಿನದ ಹೊತ್ತಿಗೆ ಸಾರಿ ಅನ್ನುವುದು ನಿಂತಿತು.

ಬಾಗಿಲು ತೆರೆದ ಕೂಡಲೇ ಒಳಗಿನ ಬಿಸಿಹವೆಗೆ ಅವನ ಕನ್ನಡಕ ಮಬ್ಬಾಗುತ್ತಿತ್ತು. ಹತ್ತು ಸೆಕೆಂಡು ಅವನಿಗೆ ಏನೂ ಕಾಣುವುದಿಲ್ಲ. ಆ ಹತ್ತು ಸೆಕೆಂಡು ನನ್ನದು. ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲು, ಗಲ್ಲದ ಮೇಲೆ ಕ್ಷೌರದ ಕತ್ತಿಯಿಂದ ತಪ್ಪಿಸಿಕೊಂಡ ನಾಲ್ಕು ಕೂದಲು, ಮೊಟ್ಟೆ ಎಣಿಸುವಾಗ ಸದ್ದಿಲ್ಲದೆ ಅಲ್ಲಾಡುವ ತುಟಿ, ಎಲ್ಲವನ್ನೂ ಸಾವಧಾನವಾಗಿ ನೋಡಿಕೊಳ್ಳುತ್ತಿದ್ದೆ. ಆರನೇ ದಿನ ಹಾಗೆ ನೋಡುತ್ತಿದ್ದವಳು ಗಮನಿಸಿದೆ: ಅವನು ಒಂದು ಗಾಜನ್ನು ಬೆರಳಿಂದ ಒರೆಸಿಕೊಂಡಿದ್ದ. ಆ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಎಷ್ಟು ದಿನದಿಂದ ಒರೆಸಿಕೊಳ್ಳುತ್ತಿದ್ದಾನೋ ಕೇಳುವ ಧೈರ್ಯವಾಗಲಿಲ್ಲ.

ಏಳನೇ ದಿನ ಶೆಡ್ಡಿನ ಬೀಗದ ಕೈ ಕೊಟ್ಟ. ಬೆಳಿಗ್ಗೆ ಅವನು ಮೇವು ತರಲು ಹೋಗಬೇಕಂತೆ, ಬೆಳಗಿನ ತಿರುವು ನೀವೇ ನೋಡಿಕೊಳ್ಳಿ ಅಂದ. ತಾಯಿಯ ನಲವತ್ತೆಂಟು ಮೊಟ್ಟೆಗಳನ್ನು ನನ್ನ ಅಂಗೈಯಲ್ಲಿ ಇಟ್ಟ ಹಾಗಿತ್ತು. ನಾನು ಆ ಕೀಲಿಯನ್ನು ಪರ್ಸಿನಲ್ಲಿ ಇಡದೆ ಮುಷ್ಟಿಯಲ್ಲೇ ಹಿಡಿದು ಸ್ಕೂಲಿಗೆ ಹೋದೆ.

ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಹುಳಿ ವಾಸನೆ.

ಜಾರಿನ ಮುಚ್ಚಳ ಒಂದು ಕಡೆ ಎದ್ದಿತ್ತು. ಒಳಗೆ ಎಣ್ಣೆ ನೊರೆ ನೊರೆಯಾಗಿ, ಹೂವೆಲ್ಲ ಮೇಲಕ್ಕೆ ಉಬ್ಬಿ ಬಂದಿತ್ತು. ತಂತಿಯ ತಟ್ಟೆಯ ಸಂದಿನಿಂದ ಎಣ್ಣೆ ತೊಟ್ಟು ತೊಟ್ಟಾಗಿ ಕೆಳಗಿನ ಮೊಟ್ಟೆಗಳ ಮೇಲೆ ಇಳಿದಿತ್ತು. ಎಣಿಸಿದೆ. ಹದಿನೇಳು ಮೊಟ್ಟೆ ಮಿರಮಿರ ಮಿಂಚುತ್ತಿದ್ದವು.

ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ನಾನೇ ತೋರಿಸುತ್ತೇನೆ. ಮೊಟ್ಟೆಯನ್ನು ಬಿಸಿನೀರಲ್ಲಿ ಮುಳುಗಿಸಿದರೆ ಚಿಪ್ಪಿನಿಂದ ಸಣ್ಣ ಗುಳ್ಳೆ ಏಳುತ್ತದೆ, ನೋಡಿ, ಚಿಪ್ಪಿಗೂ ಕಣ್ಣಿಗೆ ಕಾಣದ ತೂತುಗಳಿವೆ, ಒಳಗಿನ ಮರಿ ಅದರಿಂದಲೇ ಉಸಿರಾಡುತ್ತದೆ ಎಂದು. ಆ ತೂತುಗಳನ್ನು ನನ್ನ ಎಣ್ಣೆ ಮುಚ್ಚಿತ್ತು.

ಬಟ್ಟೆ ತೆಗೆದುಕೊಂಡು ಒಂದೊಂದನ್ನೇ ಒರೆಸಿದೆ. ಒರೆಸಿದ ಮೇಲೆ ನೋಡಿದರೆ ಎಲ್ಲ ಮೊದಲಿನ ಹಾಗೇ ಕಾಣುತ್ತಿದ್ದವು. ಜಾರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹದಿನೇಳು ಒಡೆಯದಿದ್ದರೆ ಹುಂಜಕ್ಕೆ ವಯಸ್ಸಾಗಿತ್ತು ಅಂದುಕೊಳ್ಳುತ್ತಾನೆ. ಈ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಒಂದು ನಿಮಿಷ ನಿಂತಿತು ಕೂಡ. ಆಮೇಲೆ ಪೆನ್ಸಿಲ್ ಎತ್ತಿಕೊಂಡು ಆ ಹದಿನೇಳಕ್ಕೂ ಬೇರೆಯೇ ಒಂದು ಗುರುತು ಹಾಕಿ ಅವನಿಗೆ ಫೋನ್ ಮಾಡಿದೆ.

ಬಂದ. ಕಿಟಕಿಗೆ ಗೋಣಿಚೀಲ ಇಳಿಬಿಟ್ಟು ಶೆಡ್ ಕತ್ತಲೆ ಮಾಡಿ, ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದ. ಚಿಪ್ಪು ಕೆಂಪಗೆ ಬೆಳಗಿತು. ಒಳಗೆ ನೂಲಿನಂಥ ನರಗಳು, ನಡುವೆ ಒಂದು ಕಪ್ಪು ಚುಕ್ಕೆ, ಮಿಡಿಯುತ್ತಿತ್ತು. ಜೀವನದಲ್ಲಿ ಅಷ್ಟು ಚಂದದ್ದನ್ನು ನಾನು ನೋಡಿರಲಿಲ್ಲ, ಅಷ್ಟು ಭಯದಿಂದಲೂ ಯಾವುದನ್ನೂ ನೋಡಿರಲಿಲ್ಲ. ಹದಿನೇಳರಲ್ಲೂ ಜೀವ ಇತ್ತು. ಆದರೆ ಈಗ ಇದೆ ಎಂದರೆ ಕೊನೆತನಕ ಇರುತ್ತದೆ ಎಂದಲ್ಲ. ಮರಿ ಬೆಳೆದಷ್ಟೂ ಉಸಿರು ಹೆಚ್ಚು ಬೇಕು. ಇಪ್ಪತ್ತೊಂದನೇ ದಿನದವರೆಗೆ ಏನೂ ಹೇಳಲಾಗದು ಅಂದ.

ಟಾರ್ಚ್ ಆರಿಸಿ ಕತ್ತಲಲ್ಲೇ ಕೇಳಿದ. "ಬಿಸ್ಕತ್ತಿನ ಥರ ಮುರೀಬೇಕು ಅಂತ ನೀವೇ ಹೇಳಿದ್ರಲ್ಲ. ಹಸಿ ಹೂವು ಯಾಕೆ ಹಾಕಿದ್ರಿ?"

"ಆತುರ ಆಯ್ತು," ಅಂದೆ.

ಅವನು ಗೋಣಿಚೀಲ ಸರಿಸಿದ. ಜಾರನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಮುಖ ನೋಡದೆ, ಇನ್ನು ನೀವು ಬರೋದು ಬೇಡ, ತಿರುಗಿಸೋದು ನಾನೇ ನೋಡ್ಕೋತೀನಿ ಅಂದ. ನಾನು ಕೀಲಿಯನ್ನು ಮೆಷಿನ್ ಮೇಲಿಟ್ಟು ಬಂದುಬಿಟ್ಟೆ.

ಆಮೇಲಿನ ದಿನಗಳಲ್ಲಿ ಗೋಡೆ ಮತ್ತೆ ಗೋಡೆಯಾಯಿತು. ಕೆಟ್ಟ ಎಣ್ಣೆಯನ್ನು ಮಣ್ಣಿನಲ್ಲಿ ಹೂತೆ. ಜಾರನ್ನು ಮೂರು ಸಲ ತೊಳೆದೆ. ಮರುದಿನವೇ ಬಿಸಿಲು ಬಂತು, ನನ್ನನ್ನು ಅಣಕಿಸಲೆಂದೇ ಬಂದ ಹಾಗೆ. ಕುಂಡಗಳಲ್ಲಿ ಹೂವು ಮತ್ತೆ ಅರಳಿದವು. ಕಿತ್ತು, ಹಳೆಯ ಜರಡಿಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿದೆ. ಈ ಸಲ ದಿನಾ ಒಂದೇ ಒಂದು ತೊಟ್ಟು ಎತ್ತಿ ಮುರಿದು ನೋಡುತ್ತಿದ್ದೆ. ಬಾಗಿದರೆ ಸುಮ್ಮನೆ ಇಟ್ಟು ಬರುತ್ತಿದ್ದೆ.

ದೊಡ್ಡಮ್ಮ ಮಾತ್ರ ಎರಡೂ ಮನೆಗೆ ಓಡಾಡಿಕೊಂಡಿದ್ದರು. ಹೋಗುವಾಗ ಏನೋ ನೆಪ, ಬರುವಾಗ ಪೂರ್ತಿ ವರದಿ. ಥರ್ಮಾಮೀಟರ್ ಸರಿಯಾಗಿ ಊಟ ಮಾಡುತ್ತಿಲ್ಲ, ಹದಿನೈದನೇ ದಿನ ಟಾರ್ಚ್ ಹಾಕಿ ನೋಡಿದ, ಗುರುತಿನ ಮೊಟ್ಟೆಯಲ್ಲಿ ಎರಡು ತಣ್ಣಗಾಗಿವೆ, ಉಳಿದವು ಇನ್ನೂ ಜೀವ ಹಿಡಿದುಕೊಂಡಿವೆ. ನಾನು ಅಡುಗೆಮನೆಯಿಂದ ಜಗುಲಿಗೆ, ಜಗುಲಿಯಿಂದ ಹಿತ್ತಿಲಿಗೆ ಸುತ್ತುತ್ತಿದ್ದೆ. "ವಾರ್ಡಿನ ಹೊರಗೆ ಗಂಡಂದಿರು ಹೀಗೇ ಸುತ್ತೋರು," ಅಂದರು ದೊಡ್ಡಮ್ಮ. "ನೀನು ಅವನಿಗೆ ಪೂರ್ತಿ ಹೇಳಿಲ್ಲ ಕಣೇ. ಆತುರ ಅಂದ್ಯಂತೆ. ಯಾವುದಕ್ಕೆ ಆತುರ ಅಂತ ಹೇಳ್ದ್ಯಾ?"

ಹೇಳುವುದೆಂದು ಅವತ್ತೇ ನಿಶ್ಚಯಿಸಿದೆ. ಮೊಟ್ಟೆ ಒಡೆದ ಮೇಲಲ್ಲ, ಒಡೆಯುವ ಮೊದಲು. ಎಲ್ಲ ಸರಿಹೋದ ಮೇಲೆ ಹೇಳಿದರೆ ಅದು ಹೇಳಿದ ಹಾಗಲ್ಲ. ಆದರೆ ನಿಶ್ಚಯಿಸುವುದಕ್ಕೂ ಗೋಡೆಯ ಹತ್ತಿರ ಹೋಗುವುದಕ್ಕೂ ನಡುವೆ ದಿನಗಳು ಹೋದವು.

ಇಪ್ಪತ್ತೊಂದನೇ ದಿನ ನಾನು ಲ್ಯಾಬಿನಲ್ಲಿ ಟೆಸ್ಟ್ ಟ್ಯೂಬ್ ತೊಳೆಯುತ್ತಿದ್ದೆ. ತಲೆಯಲ್ಲಿ ಹುಲ್ಲು ಇರುವ ಯಾರೋ ಗೇಟಿನಲ್ಲಿ ನಿಂತಿದ್ದಾರೆ ಎಂದು ಜವಾನ ಬಂದು ಹೇಳಿದ. ಒದ್ದೆ ಕೈಯಲ್ಲೇ ಓಡಿದೆ. ಅವನೇ. ಸ್ಕೂಟರ್ ಆಫ್ ಮಾಡಿರಲಿಲ್ಲ.

"ಒಡೀತಿವೆ," ಅಂದ. ಉಸಿರು ತೆಗೆದುಕೊಂಡು, "ಬೇರೆಯವು ಒಡೀತಿವೆ. ನಿಮ್ಮ ಗುರುತಿನವು ಇನ್ನೂ ಸುಮ್ಮನಿವೆ. ಒಬ್ಬನೇ ನೋಡೋಕಾಗ್ಲಿಲ್ಲ."

ಅರ್ಧ ದಿನ ರಜೆ ಬರೆದುಕೊಟ್ಟೆ. ಕಾರಣದ ಜಾಗದಲ್ಲಿ ಹೆರಿಗೆ ಎಂದು ಬರೆದದ್ದು ನೆನಪಾದದ್ದು ಸ್ಕೂಟರ್ ಹತ್ತಿದ ಮೇಲೆ. ನಾನು ಹಿಂದಿನ ಕಂಬಿ ಹಿಡಿದು ಕೂತೆ. ಮೊದಲ ಹಂಪ್ ಬಂದಾಗ ಕಂಬಿ ಬಿಟ್ಟು ಅವನ ಭುಜ ಹಿಡಿದೆ. ಆಮೇಲೆ ರಸ್ತೆ ಸಪಾಟಾಗಿಯೇ ಇತ್ತು. ಕೈ ತೆಗೆಯುವುದು ನನಗೂ ನೆನಪಾಗಲಿಲ್ಲ, ಅವನೂ ನೆನಪಿಸಲಿಲ್ಲ.

ಶೆಡ್ಡಿನಲ್ಲಿ ದೊಡ್ಡಮ್ಮ ಆಗಲೇ ಸ್ಟೂಲು ಹಾಕಿಕೊಂಡು, ಕನ್ನಡಕ ಏರಿಸಿ, ಗಾಜಿನ ಬಾಗಿಲಿಗೆ ಮೂಗು ಹಚ್ಚಿ ಕೂತಿದ್ದರು. ಕೈ ತೊಳೆದು ತೋಳು ಮಡಿಸಿಕೊಂಡಿದ್ದರು, ಅಭ್ಯಾಸಬಲ. ಒಳಗೆ ಒದ್ದೆ ಹತ್ತಿಯಂಥ ಮರಿಗಳು ಒಂದರ ಮೇಲೊಂದು ಬೀಳುತ್ತಿದ್ದವು. ಕೀಚು ಕೀಚು ಸದ್ದಿಗೆ ಮರದ ಪೆಟ್ಟಿಗೆಯೇ ಮಾತಾಡುವ ಹಾಗಿತ್ತು. ಮುಂದಿನ ಸಾಲಿನಲ್ಲಿ ಗುರುತಿನ ಮೊಟ್ಟೆಗಳು ಅಲ್ಲಾಡದೆ ಕೂತಿದ್ದವು.

ಈಗ ಹೇಳದಿದ್ದರೆ ಇನ್ನಿಲ್ಲ.

"ಅವತ್ತು ನೀವು ಯಾಕೆ ಅಂತ ಕೇಳಿದ್ರಿ. ನಾನು ಅರ್ಧ ಹೇಳ್ದೆ," ಅಂದೆ. "ಹೂವು ಹಸಿ ಅಂತ ನನಗೆ ಗೊತ್ತಿತ್ತು. ತೊಟ್ಟು ಮುರಿದು ನೋಡಿದ್ದೆ, ಬಾಗ್ತು. ಗೊತ್ತಿದ್ದೂ ತುಂಬಿದೆ. ಇನ್ನೂ ಐದು ದಿನ ಬಿಟ್ಟಿದ್ರೆ ನಿಮ್ಮ ಬಾಗಿಲು ಮುಚ್ಚಿರ್ತಿತ್ತು. ಇಲ್ಲಿಗೆ ದಿನಾ ಬರೋಕೆ ನನಗೆ ಬೇರೆ ಕಾರಣ ಇರಲಿಲ್ಲ. ಎಣ್ಣೆಗಲ್ಲ ಆತುರ ಇದ್ದದ್ದು. ನನಗೆ."

ಅವನು ಕನ್ನಡಕ ತೆಗೆದ. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತ. ಕನ್ನಡಕವಿಲ್ಲದ ಮುಖ ಎಷ್ಟು ಎಳೆಯದಾಗಿ ಕಾಣುತ್ತಿತ್ತೆಂದರೆ, ನನಗೆ ಭಯವಾಗುವುದು ಮರೆತುಹೋಯಿತು.

"ಮೆಷಿನ್ ತಲೆ ಮೇಲೆ ಕೈಯಿಡಿ," ಅಂದ.

ಇಟ್ಟೆ. ಮಲಗಿದ ಬೆಕ್ಕಿನ ಬೆನ್ನಿನ ಹಾಗೆ ಬೆಚ್ಚಗಿತ್ತು.

"ಮೂವತ್ತೈದು ಡಿಗ್ರಿ. ಎಣ್ಣೆಗೆ ಇಷ್ಟು ಧಾರಾಳ ಸಾಕು. ಜಾರ್ ಒಳಗಿಡೋ ಅಗತ್ಯನೇ ಇರಲಿಲ್ಲ. ಆದ್ರೆ ಇಲ್ಲಿಟ್ಟಿದ್ರೆ ನೀವು ಆ ಕಿಟಕೀಲಿ ಕೈಹಾಕಿ ಅಲ್ಲಾಡಿಸಿ ಹೋಗ್ಬಿಡ್ತಿದ್ರಿ. ಒಳಗಿದ್ರೆ ಬಾಗಿಲು ತೆಗೀಬೇಕು, ನಾನೂ ಇರ್ಬೇಕು." ಅವನು ಮೊಟ್ಟೆಗಳ ಕಡೆ ನೋಡಿದ. "ಹದಿನೈದು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಮೊಟ್ಟೆ ಮೇಲೆ ಎಣ್ಣೆ ಇಡಬಾರದು ಅಂತ ನನಗೆ ಗೊತ್ತಿರಲಿಲ್ವಾ?"

"ಮತ್ತೆ ಬರಬೇಡಿ ಅಂದಿದ್ದು?"

"ತಪ್ಪೆಲ್ಲಾ ನೀವೊಬ್ರೇ ಹೊತ್ಕೊಂಡು ನಿಂತಿದ್ರಿ. ನಾನು ಬಾಯಿ ಮುಚ್ಕೊಂಡಿದ್ದೆ. ದಿನಾ ನಿಮ್ಮ ಮುಖ ನೋಡೋದು ಹೇಗೆ?"

ನಾವಿಬ್ಬರೂ ಪೆಟ್ಟಿಗೆಯ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆವು. ಅವನ ಕೈ ಯಾವಾಗ ಬಂತೋ ಗೊತ್ತಾಗಲಿಲ್ಲ. ನಡುವಿನ ಸಾಲಿನಲ್ಲಿ ತಾಗಿದ ಹಾಗೆ ತಾಗಿ ಹೋಗಲಿಲ್ಲ, ಬಂದದ್ದು ಅಲ್ಲೇ ಉಳಿಯಿತು.

"ನಿಮ್ಮಿಬ್ರದ್ದೂ ಮುಗೀತಾ?" 

ಸ್ಟೂಲಿನ ಮೇಲಿಂದ ದೊಡ್ಡಮ್ಮನ ಧ್ವನಿ. ಅವರು ತಿರುಗಿ ನೋಡಿರಲಿಲ್ಲ.

"ಮುಗೀದಿದ್ರೂ ಪರವಾಗಿಲ್ಲ, ಇತ್ತ ನೋಡಿ. ಗುರುತಿಂದು ಒಂದು ಮೂತಿ ತೂರಿಸ್ತಾ ಇದೆ."

ಮೂವರೂ ಗಾಜಿಗೆ ಮುಖ ಹಚ್ಚಿದೆವು. ನನ್ನ ಪೆನ್ಸಿಲ್ ಗುರುತಿನ ಪಕ್ಕದಲ್ಲೇ ಚಿಪ್ಪು ಸಾಸಿವೆಯಷ್ಟು ಎದ್ದಿತ್ತು. ಅದರೊಳಗಿಂದ ಒಂದು ಸಣ್ಣ ಕೊಕ್ಕು, ಬಡಿಯುತ್ತದೆ, ಸುಸ್ತಾಗಿ ನಿಲ್ಲುತ್ತದೆ, ಮತ್ತೆ ಬಡಿಯುತ್ತದೆ. ಸಹಾಯ ಮಾಡೋಣವಾ ಎಂದು ಕೇಳಿದೆ. ಬೇಡ, ಅದೇ ಬರಬೇಕು ಅಂದ ಅವನು. ದೊಡ್ಡಮ್ಮ ಮಾತ್ರ ವಾರ್ಡಿನಲ್ಲಿದ್ದ ಹಾಗೇ, ಉಸಿರು ತಗೋ, ಈಗ ಇನ್ನೊಂದ್ಸಲ, ಇನ್ನೇನು ಆಯ್ತು ಎಂದು ಮೊಟ್ಟೆಗೆ ಹೇಳುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಚಿಪ್ಪು ಟೋಪಿಯ ಹಾಗೆ ಕಳಚಿತು. ಒದ್ದೆಮುದ್ದೆಯಾದ ಚುಕ್ಕೆ ಮರಿಯೊಂದು ಉರುಳಿ ಬಂದು ನಮ್ಮನ್ನು ಒಂದೇ ಕಣ್ಣಲ್ಲಿ ನೋಡಿತು. ಅಷ್ಟರಲ್ಲಿ ಪಕ್ಕದ್ದು ಬಿರಿಯಿತು. ಅದರ ಹಿಂದಿನದು. ಅವನು ಎಣಿಸುತ್ತಾ ಎಣಿಸುತ್ತಾ ತಪ್ಪಿದ, ಮೊದಲಿಂದ ಎಣಿಸಿದ, ಮತ್ತೆ ತಪ್ಪಿದ. ನಾನು ಅಳುತ್ತಿದ್ದೇನೆ ಎಂದು ತಿಳಿದದ್ದು ಗಾಜು ಮಬ್ಬಾದಾಗ.

ಸಂಜೆಯ ಹೊತ್ತಿಗೆ ಹದಿನೇಳರಲ್ಲಿ ಹನ್ನೊಂದು ಹೊರಗೆ ಬಂದಿದ್ದವು. ಆರು ಬರಲಿಲ್ಲ. ಆ ಆರನ್ನು ಅವನು ಎತ್ತಿಕೊಂಡ. ನಾನೂ ಜೊತೆಗೆ ಹೋದೆ. ಹಿತ್ತಿಲ ಮೂಲೆಯಲ್ಲಿ ಮಣ್ಣು ತೋಡಿ ಇಬ್ಬರೂ ಮುಚ್ಚಿದೆವು. ನಿಮ್ಮ ಮೂರು, ನನ್ನ ಮೂರು ಅಂದ. ಉಳಿದ ಮೊಟ್ಟೆಗಳಲ್ಲಿ ಇಪ್ಪತ್ತೇಳು ಒಡೆದಿದ್ದವು. ಮೂವತ್ತೆಂಟು ಚುಕ್ಕೆ ಮರಿ. ಹುಂಜ ಎಷ್ಟು, ಹೇಂಟೆ ಎಷ್ಟು ಎಂದು ತಿಳಿಯಲು ತಿಂಗಳುಗಳು ಬೇಕು, ಆದರೆ ಅಮ್ಮನ ತಳಿ ಉಳಿಯಿತು ಅಂದ, ಮರಿಗಳನ್ನು ಇನ್ನೊಮ್ಮೆ ಮೊದಲಿಂದ ಎಣಿಸಿದ.

ಮರುದಿನ ಭಾನುವಾರ. ಬೆಳಿಗ್ಗೆ ಜರಡಿಯಿಂದ ಒಂದು ತೊಟ್ಟು ಎತ್ತಿ ಮುರಿದೆ. ಟಪ್ ಎಂದಿತು. ಇನ್ನೊಂದು, ಟಪ್. ಹತ್ತು ಮುರಿದೆ, ಹತ್ತೂ ಟಪ್. ಗೋಡೆಯ ಮೇಲಿಂದ ಕೂಗಿದೆ, ಅವನು ಕೈಯೊರೆಸಿಕೊಳ್ಳುತ್ತಾ ಬಂದ.

ಅಡುಗೆಮನೆಯ ಕಟ್ಟೆಯ ಮೇಲೆ ಕಿಟಕಿಯ ಬಿಸಿಲು ಚೌಕವಾಗಿ ಬಿದ್ದಿತ್ತು. ಇಬ್ಬರೂ ಸೇರಿ ಜಾರಿಗೆ ಹೂವು ತುಂಬಿದೆವು. ಈ ಸಲ ಕಂಠದ ತನಕ ಅಲ್ಲ, ಮೇಲೆ ಮೂರು ಬೆರಳು ಜಾಗ ಬಿಟ್ಟು. ಅವನು ಎಣ್ಣೆ ಹೊಯ್ದ, ನಾನು ಕಡ್ಡಿಯಿಂದ ಹೂವನ್ನು ಒತ್ತಿದೆ. ಎಸಳುಗಳ ಸಂದಿನಿಂದ ಗಾಳಿಯ ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಒಡೆದವು. ಒಣಗಿದ ಹೂವಿನಲ್ಲೂ ಸ್ವಲ್ಪ ಅಂಟು ಇರುತ್ತದೆ. ನನ್ನ ಬೆರಳು ಅಂಟಂಟು, ಅವನದೂ ಅಂಟಂಟು. ಮುಚ್ಚಳ ಹಾಕುವ ನೆಪದಲ್ಲಿ ಹಿಡಿದ ಕೈ ಬೇಗ ಬಿಡಲಿಲ್ಲ. ಅಂಟಿನ ಮೇಲೆ ಹೊರಿಸಿದೆವು.

ಎಷ್ಟು ದಿನ ಎಂದು ಕೇಳಿದ. ಕಿಟಕಿಯಲ್ಲಾದರೆ ಆರು ವಾರ ಅಂದೆ.

ಅವನು ಜಾರನ್ನು ಬಿಸಿಲಿಗೆ ಸರಿಸಿದ. ಅದರ ಬಣ್ಣ ಅವನ ಗಲ್ಲದ ಮೇಲೆ ಬಿತ್ತು.

"ಎಣ್ಣೆ ಆರು ವಾರ ಕಾಯ್ಲಿ," ಅಂದ. "ನಾನು ದೊಡ್ಡಮ್ಮನ್ನ ಇವತ್ತೇ ಕೇಳ್ತೀನಿ. ನೀನು ಏನಂತೀಯ?"

ನೀನು ಅಂದದ್ದು ಅವನಿಗೇ ತಿಳಿದಿರಲಿಲ್ಲ. ತಿಳಿದ ಕೂಡಲೇ ಕಿವಿ ಕೆಂಪಾಯಿತು. ಯಾರ ಕಿವಿ ಎಷ್ಟು ಡಿಗ್ರಿಗೆ ಕೆಂಪಾಗುತ್ತದೆ ಎಂದು ಕೇಳಬೇಕೆನ್ನಿಸಿತು.

ಜಗುಲಿಯಿಂದ ದೊಡ್ಡಮ್ಮ ಕೂಗಿದರು. "ಕೇಳೋದಿದ್ರೆ ಬೇಗ ಬಂದು ಕೇಳಪ್ಪಾ. ನಾನು ಮರಿಗಳಿಗೆ ನೀರಿಡೋಕೆ ಹೋಗ್ಬೇಕು."

"ಹೋಗಿ ಕೇಳು," ಅಂದೆ ನಾನು.

ಅಂದೆ, ಆದರೆ ಕೈ ಬಿಡಲಿಲ್ಲ. ಹಾಗಾಗಿ ಇಬ್ಬರೂ ಹೋದೆವು.